ಎಣಿಕೆಯ ಹಿಂದಿನ ಮನೆಗಳು

ನಾನು ಕನ್ನಡದ ಉಪಾಧ್ಯಾಯ. ಅಂಕಿಗಳೆಂದರೆ ನನಗೆ ಅಳುಕು. ಒಮ್ಮೆ ಗಣಿತದ ಮಿತ್ರರೊಬ್ಬರು ನನ್ನ ಮುಂದೆ ಒಂದು ಕೋಷ್ಟಕವನ್ನಿಟ್ಟರು. ಪ್ರಷ್ಯದ ಸೈನ್ಯದಲ್ಲಿ ಕುದುರೆಯ ಒದೆತದಿಂದ ಮಡಿದವರ ಲೆಕ್ಕವದು. ಬೋರ್ಟ್‌ಕೀವಿಚ್ ಎಂಬ ವಿದ್ವಾಂಸರು 1898ರಲ್ಲಿ ಪ್ರಕಟಿಸಿದ್ದು. 10 ದಳಗಳು, ಒಂದೊಂದಕ್ಕೂ 20 ವರ್ಷ. ಒಟ್ಟು 200 ದಾಖಲೆಗಳು. ಅವುಗಳಲ್ಲಿ ಸಾವಿಲ್ಲದವು 109, ಒಂದು ಸಾವಿನವು 65, ಎರಡರವು 22, ಮೂರರವು 3, ನಾಲ್ಕರದು 1.

ಮಿತ್ರರು ಪ್ರತಿಯೊಂದು ಆವೃತ್ತಿಯನ್ನೂ 200ರಿಂದ ಭಾಗಿಸಿದರು: 0.545, 0.325, 0.110, 0.015, 0.005. ಕೂಡಿದರೆ ಸರಿಯಾಗಿ 1! “ನಡೆದುದರ ಎಣಿಕೆಯು ನಡೆಯಬಹುದಾದುದರ ಅಳತೆಯಾಯಿತು. ಇದೇ ಸಂಭವನೀಯತೆಯ ವಿತರಣೆ” ಎಂದರು.

ನಾನು ಬೆರಗಾದೆ. ಆದರೆ ನನ್ನ ಮನಸ್ಸು ಬೇರೊಂದು ಲೆಕ್ಕ ಹಾಕಿತು: ಒಟ್ಟು ಸಾವುಗಳು 122. ಮುಂದಿನ ವರ್ಷ ಎಷ್ಟು ಮಂದಿ ಮಡಿಯಬಹುದೆಂಬುದನ್ನು ಆ ಕೋಷ್ಟಕ ಅಂದಾಜು ಮಾಡಬಲ್ಲದು. ಯಾವ ತಾಯಿಯ ಮಗನೆಂಬುದನ್ನು ಹೇಳಲಾರದು.