ಹೆಸರು ದೊಡ್ಡದೋ, ಕಲಿಸೋದು ದೊಡ್ಡದೋ?

ಹೋದ ವರ್ಷ ಫೆಬ್ರುವರಿಯೊಳಗ ನಮ್ಮ ಮನ್ಯಾಗ ಒಂದು ಪಟ್ಟಿ ಮಾಡೋ ಕೆಲಸ ನಡದಿತ್ತು. ಕಿರಾಣಿ ಪಟ್ಟಿ ಅಲ್ಲ, ಮದುವಿ ಪಟ್ಟಿನೂ ಅಲ್ಲ. ಓಹಾಯೋದಾಗಿರೋ ನನ್ನ ಮಗಳು ಯಾವ ಆಸ್ಪತ್ರಿ ಮೊದಲು, ಯಾವುದು ಎರಡನೇದು ಅಂತ ಬರದು ಕೊಡೋ ಪಟ್ಟಿ. ಅವರಿಗೆ ರಾತ್ರಿ ಹತ್ತು ಅಂದ್ರ ನಮಗ ಮರುದಿನ ಮುಂಜಾನೆ ಎಂಟೂವರಿ. ನಾ ಒಗ್ಗರಣಿ ಹಾಕ್ಕೋತ, ಆಕಿ ಮಗನ್ನ ಮಲಗಿಸಿಕೋತ, ಹದಿನೈದು ದಿನ ಫೋನಿನ್ಯಾಗ ಇದೇ ಮಾತು.

ಗೊತ್ತಿಲ್ಲದವರಿಗೆ ಹೇಳ್ತೀನಿ. ಮಗಳು ಹುಬ್ಬಳ್ಳ್ಯಾಗ ಎಂಬಿಬಿಎಸ್ ಮುಗಿಸಿ, ಮದುವಿ ಆಗಿ ಅಲ್ಲಿಗೆ ಹೋದ್ಲು. ಇಲ್ಲಿ ಕಲತ ಡಾಕ್ಟರ್ಕಿ ಅಲ್ಲಿ ಹಂಗ ನಡಿಯೂದಿಲ್ಲ. ಅವರ ಪರೀಕ್ಷಾ ಎಲ್ಲಾ ಪಾಸಾಗಿ, ಆಮ್ಯಾಲ ರೆಸಿಡೆನ್ಸಿ ಅಂತ ಮತ್ತ ಕಲೀಬೇಕು. ಕೂಸು ಕಟ್ಟಿಕೊಂಡು ಮೂರು ವರ್ಷ ಓದಿ ಪಾಸಾದ್ಲು. ಯಾವ ವಿಷಯ ಅಂದ್ರ ಪ್ಯಾಥಾಲಜಿ.

"ಪ್ಯಾಥಾಲಜಿ ಅಂದ್ರ ಆ ರಕ್ತ ತಪಾಸಣಿ ಅಂಗಡಿನ?" ಅಂತ ನಮ್ಮ ನಾದಿನಿ ಕೇಳಿದ್ಲು. ನನಗೂ ಮೊದಲು ಅಷ್ಟ ಗೊತ್ತಿತ್ತು. ಸರ್ಜನ್ನರು ಗಡ್ಡಿ ತಗದು ಕಳಸ್ತಾರಲ್ಲ, ಅದನ್ನ ಕೊಯ್ದು, ತೆಳ್ಳಗ ಸೀಳಿ, ಬಣ್ಣ ಹಾಕಿ, ಗಾಜಿನ ಮ್ಯಾಲ ಇಟ್ಟು ಸೂಕ್ಷ್ಮದರ್ಶಕದಾಗ ನೋಡಿ "ಇದು ಕ್ಯಾನ್ಸರ್, ಇದು ಅಲ್ಲ" ಅಂತ ಹೇಳೋರು ಇವರು. ರಕ್ತನಿಧಿ, ಲ್ಯಾಬೂ ಇವರ ಕೈಯಾಗ. ಅಲ್ಲಿ ಎರಡೂ ಕೂಡಿಸಿ ಕಲೀಲಿಕ್ಕೆ ನಾಕು ವರ್ಷ. ಅದರ ಮ್ಯಾಲ ಒಂದೋ ಎರಡೋ ವರ್ಷ ಫೆಲೋಶಿಪ್ ಅಂತ ಒಂದು ಅಂಗದ್ದ ಕಲಿತಾರ.

ಈ ಪಟ್ಟಿ ಪದ್ಧತಿ ಕೇಳ್ರಿ, ಮಜಾ ಅದ. ಹುಡುಗ್ರು ತಮಗ ಬೇಕಾದ ಆಸ್ಪತ್ರಿಗಳನ್ನ ಸಾಲಾಗಿ ಬರೀತಾರ. ಆಸ್ಪತ್ರಿಯವ್ರು ತಮಗ ಬೇಕಾದ ಹುಡುಗರನ್ನ ಸಾಲಾಗಿ ಬರೀತಾರ. ಕಂಪ್ಯೂಟರ್ ಎರಡೂ ಕೂಡಿಸಿ ಜೋಡಿ ಹಾಕ್ತದ. ಅದಕ್ಕ ಮ್ಯಾಚ್ ಅಂತಾರ. ಜಾತಕ ಕೂಡಿಸಿಧಂಗ ಅಂದೆ ನಾ. "ಹಂಗ ಅನ್ನಮ್ಮಾ, ಆದ್ರ ಜಾತಕಾ ಕೂಡಿತಂದ್ರ ಒಲ್ಲೆ ಅನ್ನಲಿಕ್ಕೆ ಬರೂದಿಲ್ಲ" ಅಂದ್ಲು. ಪಟ್ಟ್ಯಾಗ ಬರದದ್ದು ಸಿಕ್ತಂದ್ರ ಹೋಗಾಕ ಬೇಕು. ಅದಕ್ಕ ಮನಸ್ಸಿಲ್ಲದ್ದನ್ನ ಬರೀಲೇಬಾರದು.

ನನ್ನ ಮನಸ್ಸಿನ್ಯಾಗ ಮಾತ್ರ ಒಂದ ಹೆಸರು ಕುಂತಿತ್ತು. ಆಕಿಗೆ ಏಳು ಕಡೆ ಸಂದರ್ಶನ ಆಗಿತ್ತು. ಅದರಾಗ ಒಂದು ಬಾಸ್ಟನ್ನಿನ್ಯಾಗ, ಹೆಸರು ಹೇಳಿದ್ರ ಡಾಕ್ಟರ್ ಮಂದಿ ಕೂತಲ್ಲಿಂದ ಎದ್ದು ನಿಲ್ಲೋ ಅಂಥಾದ್ದು. ನಾನೂ ಕೂತು ಓದಿದೆ ಮತ್ತ. ಅಲ್ಲಿ ಪ್ಯಾಥಾಲಜಿ ಅಂದ್ರ ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್, ಬ್ರಿಗಮ್ ಅಂಡ್ ವಿಮೆನ್ಸ್, ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್, ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ಅಂತ ಹೆಸರು ಸಾಲಾಗಿ ಬರ್ತಾವ. ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರಿ ಸುರು ಆಗಿದ್ದ 1889ರಾಗ. ನನ್ನ ಮಗಳು ಹುಬ್ಬಳ್ಳ್ಯಾಗ ತಲಿದಿಂಬಿನ ಹಂಗ ಇಟ್ಕೊಂಡು ಮಲಗತಿದ್ದ ಆ ದಪ್ಪ ರಾಬಿನ್ಸ್ ಪುಸ್ತಕ, ಅದರ ಮೊದಲಿನ ಆವೃತ್ತಿ 1957ರಾಗ ಬರದ ರಾಬಿನ್ಸ್ ಅವರೂ ಬಾಸ್ಟನ್ನಿನ ಡಾಕ್ಟರ. "ಅಂಥಾ ಊರಾಗ ಕಲೀತಿ ಅಂದ್ರ ಮತ್ತೇನ ಬೇಕವ್ವಾ?" ಅಂದೆ.

ಖರೇ ಹೇಳ್ಲಿ? ಮಗಳ ಕಲಿಕಿಗಿಂತ ನನಗ ಸಂಕ್ರಮಣದ ಅರಿಷಿಣ ಕುಂಕುಮದಾಗ ಹೇಳಲಿಕ್ಕೆ ಒಂದು ಹೆಸರು ಬೇಕಾಗಿತ್ತು. ಮಂದಿ ಮಕ್ಕಳು ಗೂಗಲ್ ಅಂತಾರ, ಮೈಕ್ರೋಸಾಫ್ಟ್ ಅಂತಾರ. ನಾ ಒಮ್ಮೆರೆ "ಬಾಸ್ಟನ್" ಅನಬೇಕಲ್ಲ!

ಮಗಳು ಸಿಟ್ಟಿಗೇಳಲಿಲ್ಲ. "ಹೆಸರು ಸುಳ್ಳಲ್ಲಮ್ಮಾ" ಅಂದ್ಲು. "ದೊಡ್ಡ ಹೆಸರಿನ ಕಡೆ ಬ್ಯಾರೆ ಊರವ್ರು ತಮಗ ತಿಳೀಲಾರದ ಕಠಿಣ ಕೇಸ್ ಕಳಸ್ತಾರ. ಒಂದೊಂದು ಅಂಗಕ್ಕ ಒಬ್ಬೊಬ್ಬ ಪಂಡಿತರು ಇರ್ತಾರ. ಅಲ್ಲಿಂದ ಹೊರಗ ಬಿದ್ದವರಿಗೆ ಫೆಲೋಶಿಪ್ ಲಗೂನ ಸಿಗ್ತದ. ಆದ್ರ ಈ ಅಂತರ್ಜಾಲದಾಗಿನ ಮೊದಲನೇದು, ಎರಡನೇದು ಅನ್ನೋ ಶ್ರೇಣಿ ಅದಲ್ಲ, ಅದನ್ನ ಮಾಡೋದು ಹೆಂಗ ಗೊತ್ತದ ಏನು? ಡಾಕ್ಟರುಗಳನ್ನ ಕೇಳ್ತಾರ, ನಿಮಗ ಯಾವುದು ಛಲೋ ಅನಸ್ತದ ಅಂತ. ಬಹಳ ಮಂದಿಗೆ ಗೊತ್ತಿದ್ದದ್ದು ಮ್ಯಾಲ ಬರ್ತದ. ಅಲ್ಲಿ ನನ್ನ ಬಾಜೂಕ ಕುಂತು ಯಾರು ಕಲಸ್ತಾರ ಅನ್ನೋದು ಅದರಾಗ ಬರೂದಿಲ್ಲ."

ನಾವು ಮೊದಲು ವರಾ ನೋಡತಿದ್ವಲ್ಲ, ಅದು ನೆನಪಾತು. ಮನಿತನ ದೊಡ್ಡದು ಅಂತ ಊರೆಲ್ಲಾ ಹೇಳೋರು. ಅಡಗಿಮನ್ಯಾಗ ಸೊಸಿ ಕೈಗೆ ಏನು ಕೊಡ್ತಾರ ಅಂತ ಹೇಳೋರು ಯಾರೂ ಇರತಿದ್ದಿಲ್ಲ. ಅದನ್ನ ತಿಳ್ಕೋಬೇಕಂದ್ರ ಆ ಮನಿ ಸೊಸಿನ್ನೇ ಕೇಳಬೇಕು. ಮಗಳೂ ಅದನ್ನ ಮಾಡಿದ್ಲು. ಏಳೂ ಕಡೆ ಈಗ ಕಲಿಯೋ ಹುಡುಗ್ರಿಗೆ ಫೋನ್ ಮಾಡಿ ಒಂದ ನಮೂನಿ ಪ್ರಶ್ನಾ ಕೇಳಿ ವಹಿಯೊಳಗ ಬರಕೊಂಡ್ಲು.

ಆ ಪ್ರಶ್ನಾ ನಿಮಗೂ ಹೇಳ್ತೀನಿ, ನಿಮ್ಮ ಮಕ್ಕಳು ಯಾವ ಕಾಲೇಜು ಸೇರೋ ಮುಂದೂ ಬರ್ತಾವ. ಸ್ಲೈಡು ಮೊದಲು ನೀವು ನೋಡಿ ಉತ್ತರಾ ಬರದು ಆಮ್ಯಾಲ ದೊಡ್ಡ ಡಾಕ್ಟರ್ ಬರ್ತಾರೋ, ಇಲ್ಲಾ ಅವರು ನೋಡೋದನ್ನ ನೀವು ಹಿಂದ ಕುಂತು ನೋಡೋದೋ? ದಿನಾ ಗಡ್ಡಿ ಕೊಯ್ಯೋದರಾಗ ಹೊತ್ತು ಹೋಗ್ತದೋ, ಅದಕ್ಕ ಸಹಾಯಕರು ಇದ್ದಾರೋ? ಕೊಯ್ಯೋದೂ ಕಲೀಬೇಕು, ಆದ್ರ ಮುಂಜಾನಿಂದ ರಾತ್ರಿತನಾ ಅದನ್ನ ಮಾಡಿದ್ರ ಸ್ಲೈಡು ನೋಡೋದು ಯಾವಾಗ? ಆಪರೇಶನ್ ನಡದಾಗನ ತುಣುಕು ಕಳಿಸಿ, ಅದನ್ನ ಹೆಪ್ಪುಗಟ್ಟಿಸಿ ಇಪ್ಪತ್ತು ನಿಮಿಷದಾಗ ಉತ್ತರಾ ಹೇಳೋದು ಇರ್ತದಂತ, ಅದನ್ನ ನಿಮ್ಮ ಕೈಯಿಂದ ಮಾಡಸ್ತಾರೋ? ಇಲ್ಲಿ ಕಲತವ್ರು ಈಗ ಎಲ್ಲಿದ್ದಾರ? ಬೋರ್ಡ್ ಪರೀಕ್ಷಾ ಎಷ್ಟು ಮಂದಿ ಮೊದಲನೇ ಸಲಕ್ಕ ಪಾಸಾದ್ರು? ಕಡೀಕ ಒಂದು: ತಪ್ಪು ಮಾಡಿದ್ರ ಏನಂತಾರ?

ವೀಸಾದ್ದೂ ಒಂದು ಗಂಟು ಇತ್ತು. ಕೆಲವು ಕಡೆ ಜೆ-1 ಅಷ್ಟ ಕೊಡ್ತಾರ. ಅದನ್ನ ತಗೊಂಡ್ರ ಕಲತ ಮ್ಯಾಲ ಎರಡು ವರ್ಷ ನಮ್ಮ ದೇಶಕ್ಕ ಬಂದಿರಬೇಕು, ಇಲ್ಲಾ ಅಲ್ಲೇ ಡಾಕ್ಟರು ಕಡಿಮಿ ಇರೋ ಊರಾಗ ಮೂರು ವರ್ಷ ದುಡದು ಮಾಫಿ ತಗೋಬೇಕು. ಎಚ್-1ಬಿ ಕೊಡೋವು ಕಡಿಮಿ. ಅಳಿಯನ ನೌಕರಿ ಕೊಲಂಬಸ್ಸಿನ್ಯಾಗ, ಕೂಸಿಗೆ ಮೂರು ವರ್ಷ. ಬಾಸ್ಟನ್ನಿಗೆ ಹೋದ್ರ ಒಂದು ಸಂಸಾರ ಎರಡು ಊರು. ಇದನ್ನೆಲ್ಲಾ ಹೆಸರಿನ ಬಾಜೂಕ ಇಟ್ಟು ತೂಗಬೇಕಾಗಿತ್ತು.

ನಾ ಇನ್ನೂ ಸೋಲಲಿಲ್ಲ. "ದೊಡ್ಡ ಕಡೆ ಕಲತವರ ದೊಡ್ಡವರಾಗ್ತಾರ" ಅಂದೆ. ಆಗ ಆಕಿ ಕೇಳಿದ್ಲು, "ಬಾಜೂ ಮನಿ ಕಾಕಾನ ಪ್ರೊಸ್ಟೇಟ್ ರಿಪೋರ್ಟಿನ್ಯಾಗ ಗ್ಲೀಸನ್ 7 ಅಂತ ಬರದಿತ್ತು, ನೆನಪದ ಏನು? ಆ ಗ್ಲೀಸನ್ ಅನ್ನೋರು ಮಿನಿಯಾಪೊಲಿಸ್ಸಿನ ಮಾಜಿ ಸೈನಿಕರ ಆಸ್ಪತ್ರ್ಯಾಗ ಪ್ಯಾಥಾಲಜಿಸ್ಟ್ ಆಗಿದ್ರು. 1960ರ ದಶಕದಾಗ ಅಲ್ಲೇ ಕುಂತು ಆ ಲೆಕ್ಕ ಮಾಡಿದ್ರು. ಈಗ ಧಾರವಾಡದ ರಿಪೋರ್ಟಿನ್ಯಾಗೂ ಅವರ ಹೆಸರದ."

ಅದಕ್ಕೂ ನಾ ಸುಮ್ಮನಾಗತಿದ್ದಿಲ್ಲ. ಆದ್ರ ಆಕಿ ಮುಂದ ಒಂದು ಮಾತು ಅಂದ್ಲು. "ಅಮ್ಮಾ, ದೊಡ್ಡಮ್ಮನ ಡಬ್ಬಿ ನೆನಸ್ಕೋ."

ನಮ್ಮ ಅಕ್ಕಗ ಹದಿನಾಕು ವರ್ಷದ ಹಿಂದ ಎದ್ಯಾಗ ಗಂಟು ಕಾಣಿಸ್ತು. ದೊಡ್ಡ ಊರಿನ ದೊಡ್ಡ ಹೆಸರಿನ ಲ್ಯಾಬಿನ್ಯಾಗ ಸೂಜಿ ಪರೀಕ್ಷಾ ಮಾಡಿಸಿದ್ವಿ. ಕ್ಯಾನ್ಸರ್ ಕಣ ಇಲ್ಲ ಅಂತ ಬಣ್ಣದ ಕಾಗದದಾಗ ರಿಪೋರ್ಟ್ ಬಂತು. ನಾವು ಪೇಢೆ ಹಂಚಿದ್ವಿ. ಊರಿನ ಸರ್ಜನ್ನರು ಮಾತ್ರ ಕೈಯಿಟ್ಟು ನೋಡಿ, "ರಿಪೋರ್ಟು ಒಂದು ಹೇಳ್ತದ, ನನ್ನ ಕೈ ಒಂದು ಹೇಳ್ತದ" ಅಂದ್ರು. ಇಲ್ಲೇ ಒಬ್ಬ ಹಿರೇ ಪ್ಯಾಥಾಲಜಿಸ್ಟ್ ಬಾಯಾರಿದ್ರು, ಸಣ್ಣ ಖೋಲಿ, ಹಳೇ ಸೂಕ್ಷ್ಮದರ್ಶಕ. ಅವರು ಸರ್ಜನ್ನರ ಕೂಡ ಮಾತಾಡಿ, ಎಕ್ಸ್‌ರೇ ನೋಡಿ, ದಪ್ಪ ಸೂಜಿಯಿಂದ ತುಣುಕು ತಗಿಸಿ ನೋಡಿದ್ರು. ಕ್ಯಾನ್ಸರ್ ಇತ್ತು.

ಆ ಸ್ಲೈಡು, ಮೇಣದಾಗ ಕೂಡಿಸಿದ ತುಣುಕು, ಎರಡೂ ಒಂದು ಸಣ್ಣ ಡಬ್ಬಿಯೊಳಗ ಹಾಕಿ ಕೊಟ್ರು, ಬೆಂಗಳೂರಿನ್ಯಾಗ ಇನ್ನೊಮ್ಮೆ ತೋರಿಸ್ರಿ ಅಂತ. ರೈಲಿನ್ಯಾಗ ರಾತ್ರಿಯೆಲ್ಲಾ ಆ ಡಬ್ಬಿ ತೊಡಿ ಮ್ಯಾಲ ಇಟ್ಕೊಂಡು ಕುಂತಾಕಿ ನನ್ನ ಮಗಳು, ಆಗ ಎಸ್ಸೆಸ್ಸೆಲ್ಸಿ ಮುಗಿಸಿದ್ಲು. ಅಕ್ಕ ಈಗ ಛಲೋ ಇದ್ದಾಳ, ಹೋದ ಬ್ಯಾಸಗಿಗೂ ಆರು ಸೇರಿನ ಹಪ್ಪಳಾ ಮಾಡಿದ್ಲು.

ಆ ಲ್ಯಾಬಿನವರ ಮ್ಯಾಲ ನನಗ ಇಷ್ಟು ವರ್ಷ ಸಿಟ್ಟಿತ್ತು. ಮಗಳು ಡಾಕ್ಟರ್ ಆದ ಮ್ಯಾಲ ತಿಳಿಸಿ ಹೇಳಿದ್ಲು, "ಸೂಜಿ ಗಂಟಿನ ಬಾಜೂಕ ಹೋಗಿದ್ರ ಎಂಥಾ ಪಂಡಿತಗೂ ಕಾಣ್ಸೂದಿಲ್ಲ. ಅದಕ್ಕ ಕೈಯಿಂದ ನೋಡಿದ್ದು, ಚಿತ್ರದಾಗ ನೋಡಿದ್ದು, ಸೂಜಿಯಿಂದ ನೋಡಿದ್ದು, ಮೂರೂ ಒಂದ ಮಾತು ಹೇಳಬೇಕು. ಒಂದು ಬ್ಯಾರೆ ಹೇಳಿದ್ರ ಫೋನ್ ಎತ್ತಿ ಕೇಳಬೇಕು. ನಮ್ಮ ಬಾಯಾರು ಫೋನ್ ಎತ್ತಿದ್ರು. ನನಗ ಅದನ್ನ ಕಲಿಸೋ ಜಾಗಾ ಬೇಕು."

ಇದರ ಮ್ಯಾಲ ನಾ ಬಾಸ್ಟನ್ನಿನ ಮಾತು ಎತ್ತಲಿಲ್ಲ. ಎತ್ತಲಿಲ್ಲ ಅಂದ್ರ, ಬಾಯಿಲೆ ಎತ್ತಲಿಲ್ಲ.

ಆಕಿ ಪಟ್ಟಿ ಹಿಂಗಾತು: ಮೊದಲನೇದು ಮನಿ ಹತ್ತರದ ವಿಶ್ವವಿದ್ಯಾಲಯದ ಆಸ್ಪತ್ರಿ. ಎರಡನೇದು ಕಾರಿನ್ಯಾಗ ಎರಡು ತಾಸಿನ ಹಾದಿ, ಮಧ್ಯಮ ಗಾತ್ರದ್ದು, ಅಲ್ಲಿ ಹುಡುಗ್ರೆಲ್ಲಾ ತಾವ ಮೊದಲು ಸ್ಲೈಡು ನೋಡಿ ಉತ್ತರಾ ಬರೀತಾರಂತ. ಮೂರನೇದು ಬಾಸ್ಟನ್. "ಮೂರನೇದಕ್ಕ ಹಾಕಿದ್ರ ಅವ್ರಿಗೆ ಅಪಮಾನ ಆಗಿ ಬಿಡ್ತಾರೇನ?" ಅಂತ ಕೇಳಿದೆ. ನಮ್ಮ ಪಟ್ಟಿ ಅವ್ರಿಗೆ ಕಾಣ್ಸೂದಿಲ್ಲಂತ. ಯಾರು ನಮ್ಮನ್ನ ತಗೋತಾರ ಅಂತ ಎಣಿಸಿ ಬರಿಯೋದೂ ಬ್ಯಾಡಂತ, ಮನಸ್ಸಿನ್ಯಾಗ ಇದ್ದಂಗ ಬರಿಯೋದ ಜಾಣತನ. ಈ ಲೆಕ್ಕ ಕೂಡಿಸಿ ಕೊಟ್ಟವರಾಗ ಒಬ್ಬರು, ಆಲ್ವಿನ್ ರಾತ್ ಅಂತ, ಅವ್ರಿಗೆ 2012ರಾಗ ನೊಬೆಲ್ ಬಂದದ.

ಮಾರ್ಚ್ ಮೂರನೇ ಶುಕ್ರವಾರ ಉತ್ತರಾ ಬರೋದು. ಅದರ ಸೋಮವಾರ, ಸಿಕ್ಕದ ಅಂತ ಅಷ್ಟ ಹೇಳ್ತಾರ, ಎಲ್ಲಿ ಅಂತ ಹೇಳೂದಿಲ್ಲ. ನಾಕು ದಿನ ನಾ ಚಾಕ್ಕ ಸಕ್ರಿ ಎರಡೆರಡು ಸಲ ಹಾಕಿದೆ. ಶುಕ್ರವಾರ ಅವರಿಗೆ ಮಧ್ಯಾಹ್ನ ಹನ್ನೆರಡು, ನಮಗ ರಾತ್ರಿ ಒಂಬತ್ತೂವರಿ. ಫೋನ್ ಬಂತು. ಎರಡನೇದು ಸಿಕ್ಕಿತ್ತು.

ಮಗಳು ಅಳಲಿಕ್ಕತ್ತಿದ್ಲು. ಖುಷಿಗೋ, ಮೊದಲನೇದು ತಪ್ಪಿದ್ದಕ್ಕೋ ನನಗ ತಿಳೀಲಿಲ್ಲ, ಕೇಳಲೂ ಇಲ್ಲ. ಆಮ್ಯಾಲ ಆಕಿನ ಅಂದ್ಲು, "ಮೂರೂ ಒಂದ ತಕ್ಕಡ್ಯಾಗ ತೂಗಿ ಇಟ್ಟಿದ್ದೆ ಅಮ್ಮಾ, ಯಾವುದು ಸಿಕ್ಕಿದ್ರೂ ಹೋಗ್ತಿದ್ದೆ." ಅಳಿಯ ಇಬ್ಬರ ನೌಕರಿಗೂ ನಡುವಿನ ಊರಾಗ ಮನಿ ಹಿಡದಾನ. ಇಬ್ಬರೂ ದಿನಾ ಒಂದೊಂದು ತಾಸು ಕಾರು ಹೊಡೀತಾರ. ಕೂಸಿನ್ನ ಮೊದಲ ಆರು ತಿಂಗಳು ನಾ ಹೋಗಿ ನೋಡಿಕೊಂಡು ಬಂದೆ.

ಈ ಸಲ ಅರಿಷಿಣ ಕುಂಕುಮದಾಗ ಆ ನಾದಿನಿನ ಕೇಳಿದ್ಲು, "ಯಾವ ಆಸ್ಪತ್ರಿ?" ಹೆಸರು ಹೇಳಿದೆ. ಯಾರಿಗೂ ಗೊತ್ತಾಗಲಿಲ್ಲ. ಸ್ವಲ್ಪ ಚುರ್ ಅಂತು, ಸುಳ್ಳ್ಯಾಕ ಹೇಳ್ಲಿ. ಆದ್ರ ಆಮ್ಯಾಲ ಅಕ್ಕ ಬಾಜೂಕ ಬಂದು ಕುಂತು ಕೇಳಿದ್ಲು, "ಆ ಹುಡುಗಿ ಈಗ ಸ್ಲೈಡು ತಾನ ನೋಡ್ತಾಳೇನ?" ಹೂಂ, ಮೊದಲು ಆಕಿನ ನೋಡ್ತಾಳ, ಅಂದೆ. ಅಕ್ಕ ನನ್ನ ಕೈ ಹಿಡಕೊಂಡು ಸುಮ್ಮನ ಕುಂತ್ಲು.

ನಿಮಗೆಲ್ಲಾ ಒಂದು ಮಾತು. ಯಾರದರೆ ಗಂಟು ತಗಸಿದ್ರ ರಿಪೋರ್ಟಿನ ಕಾಗದ ಒಂದ ತಗೊಂಡು ಬರಬ್ಯಾಡ್ರಿ. ಸ್ಲೈಡು, ಮೇಣದ ತುಣುಕು ಲ್ಯಾಬಿನ್ಯಾಗ ಜ್ವಾಕಿ ಇಟ್ಟಿರ್ತಾರ, ಇನ್ನೊಬ್ಬರಿಗೆ ತೋರಸಲಿಕ್ಕೆ ಬೇಕು ಅಂತ ಕೇಳಿ ಇಸಕೊಳ್ರಿ. ಡಾಕ್ಟರ ಕೈ ಒಂದು ಹೇಳಿ, ಕಾಗದ ಒಂದು ಹೇಳಿದ್ರ, ಪೇಢೆ ಹಂಚೋದು ನಾಕು ದಿನ ತಡದು ಹಂಚ್ರಿ.