ಒಡ್ಡು ಒಡೆದ ದಿನ

ನಮ್ಮ ಸೀಮೆಯವರಿಗೆ ನೀರು ಹಿಡಿಯೋದು ಗೊತ್ತು, ಬಿಡೋದು ಗೊತ್ತಿಲ್ಲ. ನಮ್ಮ ಮುತ್ಯಾ ಬದುಕಿಡೀ ಮಾಡಿದ್ದು ಒಂದೇ ಕೆಲಸ: ಮಳಖೇಡದ ಮಗ್ಗುಲಲ್ಲಿರುವ ನಾಲ್ಕೆಕರೆ ಎರೆ ಹೊಲಕ್ಕೆ ಒಡ್ಡು ಹಾಕಿದ್ದು. ಒಂದು ಹನಿಯೂ ಆಚೆ ಹೋಗಬಾರದು. ಆ ಒಡ್ಡನ್ನು 2025ರ ಸೆಪ್ಟೆಂಬರ್ ಕೊನೆಗೆ, ಉತ್ತರಿ ಮಳೆ ಹೋಗಿ ಹಸ್ತ ಹಿಡಿಯುವ ಹೊತ್ತಿಗೆ, ನಾನೇ ಸಲಿಕೆ ಹಿಡಿದು ಒಡೆದೆ.

ಒಡೆಯದೆ ಗತಿ ಇರಲಿಲ್ಲ. ಹೊಲದಲ್ಲಿದ್ದದ್ದು ತೊಗರಿ. ಅದು ಬರ ತಡೆಯುತ್ತದೆ, ನಿಂತ ನೀರು ತಡೆಯುವುದಿಲ್ಲ. ಬೇರಿಗೆ ಗಾಳಿ ಸಿಗದೆ ಎರಡು ಮೂರು ದಿನದಲ್ಲಿ ಎಲೆ ಹಳದಿ ತಿರುಗಿ ಗಿಡ ಜೋತು ಬೀಳುತ್ತದೆ. ಎರೆ ಮಣ್ಣು ಒಮ್ಮೆ ಕುಡಿದರೆ ಬಿಡುವ ಜಾತಿಯದಲ್ಲ. ಅದರ ಕೆಳಗೆ ನಮ್ಮಲ್ಲಿ ಫರಸಿ ಕಲ್ಲಿನ ಹಾಸು. ಶಹಾಬಾದ್ ಕಲ್ಲೆಂದು ದೇಶಕ್ಕೆಲ್ಲ ಹೋಗುವುದು, ವಾಡಿಯ ಸಿಮೆಂಟ್ ಆಗುವುದು, ಈ ಸುಣ್ಣದ ಕಲ್ಲೇ. ನೀರು ಇಳಿಯುವುದಾದರೂ ಎಲ್ಲಿಗೆ?

ಕೆಳಗಿನ ಹೊಲದ ಕಾಕಾ ತಲೆಗೆ ಗೊಬ್ಬರದ ಚೀಲ ಹೊದ್ದು ಬಂದರು.

"ತಮ್ಮಾ, ನಿನ್ ನೀರು ನನ್ ಹೊಲಕ್ಕ ಬಿಡ್ತಿ ಏನೋ?"

"ನೀರು ನಂದಲ್ಲರಿ ಕಾಕಾ. ಮ್ಯಾಲಿನವರು ಒಡದಾರ, ಹಿಂಗಾಗಿ ನಾನೂ ಒಡದೀನಿ. ನೀವೂ ಒಡೀರಿ, ಕೆಳಗ ಹಳ್ಳ ಅದ."

ಕಾಕಾ ಒಂದು ಮಾತೂ ಆಡದೆ ಹೋಗಿ ಒಡೆದರು. ಅರ್ಧ ತಾಸು ನೀರು ಹರಿಯಿತು. ಆಮೇಲೆ ನಿಂತಿತು. ಆಮೇಲೆ, ನಾವಿಬ್ಬರೂ ನೋಡುತ್ತಿದ್ದಂತೆಯೇ, ಹಳ್ಳವೇ ತಿರುಗಿ ಹೊಲ ಹತ್ತಿತು.

ಹಳ್ಳದ್ದೂ ತಪ್ಪಲ್ಲ. ಕಾಗಿಣಾ ಹೊಳೆ ತುಂಬಿದಾಗ ಅದು ಯಾವ ಹಳ್ಳವನ್ನೂ ಒಳಗೆ ಬಿಟ್ಟುಕೊಳ್ಳುವುದಿಲ್ಲ. ತಾಂಡೂರಿನ ಕಡೆ ಬಿದ್ದ ಮಳೆ, ಚಿಂಚೋಳಿಯಿಂದ ಬರುವ ಮುಲ್ಲಾಮಾರಿ, ಬೆಣ್ಣೆತೊರೆ, ಸೇಡಂನ ಕಮಲಾವತಿ, ಎಲ್ಲವೂ ಇದೊಂದೇ ಹೊಳೆಗೆ. ಅದು ಚಿತ್ತಾಪುರ ತಾಲ್ಲೂಕು ಹಾದು ಹೊನಗುಂಟಾದ ಬಳಿ ಭೀಮಾ ಸೇರಬೇಕು. ಅಲ್ಲಿ ಮಹಾರಾಷ್ಟ್ರದ ಉಜನಿ ಜಲಾಶಯ ಮತ್ತು ಸೀನಾ ನದಿಯ ನೀರು ಹೊತ್ತು ಭೀಮಾ ಬಾಗಿಲು ಹಾಕಿಕೊಂಡು ನಿಂತಿದ್ದರೆ ಕಾಗಿಣಾ ಮುಗ್ಗರಿಸಿ ಹಿಂದೆ ಸರಿಯುತ್ತದೆ. ಕಾಕಾನೂ ನಾನೂ ಜಗಳ ಆಡಬೇಕಾದದ್ದು ಸೊಲ್ಲಾಪುರದ ಆಚೆಯವರ ಜೊತೆ.

ಮಳಖೇಡದ ಸೇತುವೆ ಮುಳುಗಿ ಸೇಡಂ–ಕಲಬುರಗಿ ಬಸ್ಸು ನಿಂತಿತು. ಅತ್ತ ದಂಡೋತಿಯ ಸೇತುವೆಯದೂ ಅದೇ ಕಥೆ. 2020ರ ಅಕ್ಟೋಬರಿನಲ್ಲಿ ಚಿತ್ತಿ ಮಳೆಗೂ ಹೀಗೆಯೇ ಆಗಿತ್ತು. ರಾಷ್ಟ್ರಕೂಟರು ಇಲ್ಲೇ ಮಳಖೇಡದಲ್ಲಿ, ಈ ಹೊಳೆಯ ದಂಡೆಯಲ್ಲೇ ರಾಜಧಾನಿ ಕಟ್ಟಿದ್ದರು. ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಕವಿರಾಜಮಾರ್ಗ ಹುಟ್ಟಿತು. ಅವರ ಹೊಲಗಳಿಗೆ ನೀರು ನುಗ್ಗಿದಾಗ ಅವರು ಯಾರ ಹೊಲಕ್ಕೆ ಬಿಡುತ್ತಿದ್ದರೋ ಎಂದು ನನಗೆ ಈಗೀಗ ಕುತೂಹಲ.

ಬೆಳೆಹಾನಿಯ ಲೆಕ್ಕ ಬರೆಯಲು ಬಂದವರು ಹಳದಿ ತೊಗರಿ ನೋಡಿ ಫೋಟೊ ಹಿಡಿದರು. ಆಗಿನ ನಿಯಮ: ನೂರಕ್ಕೆ 33 ಅಥವಾ ಅದಕ್ಕಿಂತ ಹೆಚ್ಚು ಹೋಗಿರಬೇಕಿತ್ತು, ಎರಡು ಹೆಕ್ಟೇರ್ ಮಿತಿ, ಖುಷ್ಕಿಗೆ ಹೆಕ್ಟೇರಿಗೆ 8,500 ರೂಪಾಯಿ. ಅದರ ಮೇಲೆ ಆ ವರ್ಷ ರಾಜ್ಯ ಸರಕಾರ ಇನ್ನೊಂದು 8,500 ಘೋಷಿಸಿತು. ಭೌಗೋಳಿಕ ಸೂಚಕದ (ಜಿಐ) ಗುರುತು ಪಡೆದ ತೊಗರಿ ನಮ್ಮದು. ಸಾಯುವಾಗ ಅದಕ್ಕೆ ಬೇರೆ ದರವೇನೂ ಇಲ್ಲ.

ನೀರಿಳಿದ ಮೇಲೆ ಆ ಹಸಿಗೇ ಕಡಲೆ ಬಿತ್ತಿದೆವು. ಒಡ್ಡಿನ ಬಾಯಿ ಮುಚ್ಚುವಾಗ ಪೂರ್ತಿ ಮುಚ್ಚಲಿಲ್ಲ. ಶಹಾಬಾದ್ ಕಡೆಯಿಂದ ಎರಡು ಫರಸಿ ತಂದು ಇಳಿಜಾರಾಗಿ ಹಾಸಿ ಒಂದು ಕೋಡಿ ಮಾಡಿದೆ: ಗೇಣು ನೀರು ಹೊಲಕ್ಕೆ, ಮೇಲಿನದು ಆಚೆಗೆ.

ಕಾಕಾ ಬಂದು ಕೂತು, ಕೋಡಿಯ ಎತ್ತರವನ್ನು ತಮ್ಮ ಗೇಣಿನಿಂದಲೇ ಅಳೆದು ನೋಡಿದರು.

"ಇನ್ನಾ ನಾಕ್ ಬಟ್ಟು ಏರಸು," ಅಂದರು. ಏರಿಸಿದೆ.