ಹುತ್ತದ ಅಣಬೆಯ ವಿಳಾಸ

ಮೃಗಶಿರಾ ಮಳೆ ಹಿಡಿದು ನೆಲ ನೆನೆದ ಮೇಲೆ ಜೋಯಿಡಾದ ಕಾಡಂಚಿನಲ್ಲಿ ಏಳುವ ಹುತ್ತದ ಅಣಬೆಯ ಜಾತಿ, ದಿನಾಂಕ ಮತ್ತು ತಾಣವನ್ನು ಬರೆದು ನಕ್ಷೆಯಲ್ಲಿ ಗುರುತಿಸುವ ಹವ್ಯಾಸಕ್ಕೆ ಹಕ್ಕಿ, ಚಿಟ್ಟೆಗಳ ವೀಕ್ಷಣೆಯಲ್ಲಿ ಸಿಗದ ಒಂದು ಸೊಗಸಿದೆ. ಈ ಅಣಬೆಗೆ ಖಾಯಂ ವಿಳಾಸವಿದೆ. ರೋಜರ್ ಹೈಮ್ 1942ರಲ್ಲಿ ಟರ್ಮಿಟೊಮೈಸಿಸ್ ಎಂದು ಹೆಸರಿಟ್ಟ ಈ ಕುಲದ ಶಿಲೀಂಧ್ರವನ್ನು ಗೆದ್ದಲುಗಳೇ ನೆಲದಡಿಯ ತಮ್ಮ ಗೂಡಿನಲ್ಲಿ ಸಾಕುತ್ತವೆ. ಹಲವು ಜಾತಿಗಳಲ್ಲಿ ಅಣಬೆಯ ಕಾಂಡವು ಹುಸಿಬೇರಾಗಿ, ಅಂದರೆ ಬೇರಿನಂತೆ ಕಂಡರೂ ಬೇರಲ್ಲದ ನೀಳ ಬಾಲವಾಗಿ, ಆ ಗೂಡಿನವರೆಗೂ ಇಳಿದಿರುತ್ತದೆ. ಗೂಡು ಬದುಕಿದ್ದರೆ ಮುಂದಿನ ಮಳೆಗಾಲದಲ್ಲೂ ಅಣಬೆ ಅಲ್ಲಿಯೇ ಏಳಬಹುದಾದ್ದರಿಂದ, ಸರಿಯಾಗಿ ಬರೆದ ತಾಣವು ಮತ್ತೆ ಹೋಗಿ ಪರೀಕ್ಷಿಸಬಹುದಾದ ಮಾತಾಗುತ್ತದೆ.

ಇಷ್ಟು ಗಟ್ಟಿಯಾದ ವಿಳಾಸವನ್ನು ಕೆಲವು ದಾಖಲೆಗಾರರು ‘ಸೂಪಾ’ ಎಂಬ ಒಂದೇ ಪದದಲ್ಲಿ ಮುಗಿಸುವುದು ಸಹಿಸಲಾಗದ ಸಂಗತಿ. ಸೂಪಾ ಪಟ್ಟಣವು ಕಾಳಿ ನದಿಗೆ ಕಟ್ಟಿದ ಅಣೆಕಟ್ಟೆಯ ಹಿನ್ನೀರಿನಲ್ಲಿ ಮುಳುಗಿ, ಆಡಳಿತ ಕೇಂದ್ರ ಜೋಯಿಡಾಕ್ಕೆ ಬಂದರೂ, 2011ರ ಜನಗಣತಿಯಲ್ಲಿಯೂ ತಾಲ್ಲೂಕಿನ ಹೆಸರು ಸೂಪಾ ಎಂದೇ ಇದೆ. ಹೀಗಾಗಿ ಆ ಒಂದು ಪದ ಮುಳುಗಿದ ಪಟ್ಟಣವನ್ನು ಹೇಳುತ್ತದೆಯೋ, ಇಡೀ ತಾಲ್ಲೂಕನ್ನೋ ತಿಳಿಯುವುದಿಲ್ಲ. ಹೆಸರನ್ನು ನಂಬಿ ಚುಕ್ಕೆ ಇಟ್ಟರೆ ಕಾಡಿನ ಅಣಬೆ ಜಲಾಶಯದ ನಡುವೆ ಏಳುತ್ತದೆ.

ಇದಕ್ಕೆ ವಿರುದ್ಧವಾದ ತಪ್ಪು ಇನ್ನೂ ಕೆಟ್ಟದ್ದು. ಅಕ್ಷಾಂಶದಲ್ಲಿ ದಶಮಾಂಶದ ನಾಲ್ಕನೆಯ ಸ್ಥಾನ ಸುಮಾರು 11 ಮೀಟರನ್ನೂ ಆರನೆಯದು ಸುಮಾರು 11 ಸೆಂಟಿಮೀಟರನ್ನೂ ಸೂಚಿಸುತ್ತದೆ. ದಟ್ಟ ಮರಗಳಡಿಯಲ್ಲಿ ಹತ್ತಾರು ಮೀಟರು ತಪ್ಪಬಲ್ಲ ಮೊಬೈಲು ಕೊಟ್ಟ ಆರು ಅಂಕಿಗಳನ್ನು ಹಾಗೆಯೇ ಇಳಿಸಿಕೊಳ್ಳುವುದು ನಿಖರತೆಯಲ್ಲ, ಸುಳ್ಳು. ಅಕ್ಷಾಂಶ ರೇಖಾಂಶಗಳ ಪಕ್ಕದಲ್ಲಿ ಅನಿಶ್ಚಿತತೆಯ ತ್ರಿಜ್ಯವನ್ನು, ಅಂದರೆ ನಿಜವಾದ ತಾಣ ಆ ಬಿಂದುವಿನಿಂದ ಹೆಚ್ಚೆಂದರೆ ಎಷ್ಟು ದೂರವಿರಬಹುದು ಎಂಬ ಅಳತೆಯನ್ನು, ಮೀಟರುಗಳಲ್ಲಿ ಬರೆಯುವುದೊಂದೇ ಪ್ರಾಮಾಣಿಕ ದಾರಿ. ಆ ಒಂದು ಅಂಕಿಯಿದ್ದರೆ ‘ಸೂಪಾ’ ಎಂಬ ಹಳೆಯ ಚೀಟಿಗೂ ಬೆಲೆ ಬರುತ್ತದೆ. ತ್ರಿಜ್ಯ ಇಡೀ ತಾಲ್ಲೂಕಿನಷ್ಟಾದರೂ ದಾಖಲೆ ಸುಳ್ಳಾಗುವುದಿಲ್ಲ.

ನಿಖರವಾಗಿ ಬರೆದದ್ದನ್ನೆಲ್ಲ ಊರಿಗೆ ಸಾರಬೇಕೆಂದಿಲ್ಲ. ಅಣಬೆ ಏಳುವ ಹುತ್ತವನ್ನು ಹೊರಗಿನವರಿಗೆ ತೋರಿಸದ ಮನೆಗಳ ಜಾಣತನ ಗೌರವಕ್ಕೆ ಅರ್ಹವಾದುದು; ತಾಣ ಬಯಲಾದರೆ ಆ ಮನೆಯ ಬುಟ್ಟಿ ಬರಿದಾಗಬಹುದು, ಬುಡ ಅಗೆಯುವವರಿಂದ ಗೂಡೂ ಹಾಳಾಗಬಹುದು. ಐನ್ಯಾಚುರಲಿಸ್ಟ್‌ನಂಥ ಜೀವಿ ವೀಕ್ಷಣೆಗಳನ್ನು ದಾಖಲಿಸುವ ಅಂತರ್ಜಾಲ ವೇದಿಕೆಗಳು ತಾಣವನ್ನು ಸುಮಾರು 22 ಕಿಲೋಮೀಟರು ಬದಿಯ ಚೌಕದೊಳಗೆ ಮರೆಮಾಡುವ ಅವಕಾಶ ಕೊಟ್ಟಿವೆ. ಟಿಪ್ಪಣಿ ಪುಸ್ತಕದಲ್ಲಿ ತಾಣವನ್ನು ತ್ರಿಜ್ಯದೊಂದಿಗೆ ಪೂರ್ತಿಯಾಗಿ ಬರೆಯಿರಿ, ಸಾರ್ವಜನಿಕ ನಕ್ಷೆಯಲ್ಲಿ ಅದನ್ನು ಚೌಕದ ಮರೆಯಲ್ಲಿಡಿ.